ಸಣ್ಣ ಕೆಲಸ ಐತ್ರಿ ಸರ

ಹುಬ್ಬಳ್ಳಿ–ಧಾರವಾಡದ ಗ್ಯಾರೇಜುಗಳ ಪಾರಿಭಾಷಿಕ ಪದಗಳಲ್ಲಿ ಅತ್ಯಂತ ವ್ಯಾಪಕ ಅರ್ಥವುಳ್ಳದ್ದು ‘ಸಣ್ಣ ಕೆಲಸ’. ಬಾನೆಟ್ ಎತ್ತಿ ಇಣುಕಿದ ಮಿಸ್ತ್ರಿಯು ‘ಏನಿಲ್ಲ ಬಿಡ್ರಿ ಸರ, ಸಣ್ಣ ಕೆಲಸ ಐತಿ’ ಎಂದಾಗ ಹಳೆಯ ಕಾರಿನ ಹೊಸ ಮಾಲೀಕನು ಅದನ್ನು ಸಮಾಧಾನದ ಮಾತೆಂದೇ ತಿಳಿಯುತ್ತಾನಾದರೂ, ಈ ಪದವು ಸೂಚಿಸುವುದು ಕೆಲಸದ ಗಾತ್ರವನ್ನಲ್ಲ, ಎಂಜಿನ್ ಇನ್ನೂ ಬಿಚ್ಚಿಲ್ಲವೆಂಬ ಸ್ಥಿತಿಯನ್ನು ಮಾತ್ರ. ಬಿಚ್ಚಿದ ಮೇಲೆ ಅದೇ ಕೆಲಸಕ್ಕೆ ‘ಹೆಂಗೂ ಬಿಚ್ಚೇವಿ, ಇದೊಂದೂ ಮಾಡಿಸಿಬಿಡ್ರಿ’ ಎಂಬ ಇನ್ನೊಂದು ಹೆಸರು ಬರುತ್ತದೆ. ಹಳೆಯ ಕಾರಿನ ಅರ್ಥಶಾಸ್ತ್ರವೆಲ್ಲ ಈ ಎರಡು ವಾಕ್ಯಗಳ ನಡುವೆ ನಡೆಯುತ್ತದೆ.

ಈ ಶಾಸ್ತ್ರಕ್ಕೊಂದು ಮೂಲಗ್ರಂಥವಿದ್ದರೆ ಅದು ಮಾರುತಿ 800. 1983ರ ಡಿಸೆಂಬರ್ 14ರಂದು ಮೊದಲ ಗಿರಾಕಿಯ ಕೈಸೇರಿ, 2014ರ ಜನವರಿಯಲ್ಲಿ ತಯಾರಿಕೆ ನಿಂತ ಈ ಕಾರಿನಲ್ಲಿರುವುದು ಹೆಸರಿಗೆ 800, ಲೆಕ್ಕಕ್ಕೆ 796 ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನ್ನು. ಅಂದರೆ ವ್ಯವಹಾರ ಕುದುರುವ ಮೊದಲೇ 4 ಸಿ.ಸಿ. ನಷ್ಟವಾಗಿದ್ದು, ಅದಕ್ಕೆ ಹಿಂದಿನ ಮಾಲೀಕನನ್ನು ದೂರುವಂತಿಲ್ಲ. ದುರ್ಗದಬೈಲಿನ ಸುತ್ತಲಿನ ಓಣಿಗಳಲ್ಲಿ ಹೊರಳಿಸಲು ಬರುತ್ತದೆಂಬ ಕಾರಣಕ್ಕೆ ಇದನ್ನು ಕೊಳ್ಳುವವರು ಇಂದಿಗೂ ಇದ್ದಾರೆ. ಮಾರುವವರ ಭಾಷೆಯಲ್ಲಿ ಇಂಥ ಕಾರಿಗೆ ಸಲ್ಲುವ ಅತ್ಯುನ್ನತ ಪದವಿ ‘ಡಾಕ್ಟರ್ ಗಾಡಿ’. ವೈದ್ಯರು ಮನೆಯಿಂದ ದವಾಖಾನೆಗೆ, ದವಾಖಾನೆಯಿಂದ ಮನೆಗೆ ಮಾತ್ರ ಹೋಗುತ್ತಾರೆ, ಗೇರನ್ನೂ ನಾಡಿ ಹಿಡಿದಂತೆ ಹಗುರಾಗಿ ಹಿಡಿಯುತ್ತಾರೆ ಎಂಬ ನಂಬಿಕೆ ಇದರ ಹಿಂದಿದ್ದು, ಮಾರಾಟಕ್ಕಿರುವ ಡಾಕ್ಟರ್ ಗಾಡಿಗಳನ್ನೆಲ್ಲ ಎಣಿಸಿದರೆ ಅವಳಿ ನಗರದಲ್ಲಿ ರೋಗಿಗಳಿಗಿಂತ ವೈದ್ಯರೇ ಹೆಚ್ಚೆಂದು ಒಪ್ಪಬೇಕಾಗುತ್ತದೆ.

ತಿಳಿದವರು ಕಾರು ನೋಡಲು ಹೋಗುವಾಗ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಅಯಸ್ಕಾಂತದ ಗೊಂಬೆಯೊಂದನ್ನು ಕಿಸೆಯಲ್ಲಿಟ್ಟುಕೊಂಡು ಹೋಗುತ್ತಾರೆ. ನೆಗ್ಗಿದ ತಗಡನ್ನು ಬಡಿದು ನೇರ ಮಾಡುವ ‘ಟಿಂಕರಿಂಗ್’ ಕೆಲಸದಲ್ಲಿ ಬಡಿತಕ್ಕೆ ಬಗ್ಗದ ಭಾಗವನ್ನು ‘ಪುಟ್ಟಿ’ ಎಂಬ ಲೇಪದಿಂದ ತುಂಬಿ ಬಣ್ಣ ಬಳಿಯುವುದುಂಟು. ಅಯಸ್ಕಾಂತ ತಗಡಿಗೆ ಅಂಟುತ್ತದೆ, ದಪ್ಪ ಪುಟ್ಟಿಗೆ ಅಂಟದೆ ಜಾರಿ ಬೀಳುತ್ತದೆ. ಟೈರಿನ ಪಕ್ಕೆಯಲ್ಲಿ ಅಚ್ಚಾದ ನಾಲ್ಕು ಅಂಕಿಗಳು ಅದರ ಜಾತಕವಾಗಿದ್ದು, 2314 ಎಂದಿದ್ದರೆ ಅದು 2014ರ 23ನೆಯ ವಾರದಲ್ಲಿ ಹುಟ್ಟಿದ್ದೆಂದು ತಿಳಿಯಬೇಕು. ಇಷ್ಟೆಲ್ಲ ಪರೀಕ್ಷಿಸಿ, ದೋಷಗಳನ್ನೆಲ್ಲ ಕಣ್ಣಾರೆ ಕಂಡು, ಕೊನೆಗೆ ಬಣ್ಣ ಚಂದ ಇದೆಯೆಂದು ಕೊಳ್ಳುವುದೇ ಲೋಕಾರೂಢಿ.

ಎರಡೂ ಊರುಗಳ ನಡುವಿನ ಸುಮಾರು 20 ಕಿ.ಮೀ. ಅಂತರವು ಹಳೆಯ ಕಾರನ್ನು ಪರೀಕ್ಷಿಸಲೆಂದೇ ಅಳೆದಿಟ್ಟಂತಿದೆ. ಎಂಜಿನ್ ತಣ್ಣಗಿರುವಾಗ ಮುಚ್ಚಿಕೊಂಡಿದ್ದು, ನೀರು ಕಾದ ಬಳಿಕ ತೆರೆದುಕೊಂಡು ಅದನ್ನು ರೇಡಿಯೇಟರಿಗೆ ಬಿಡುವ ಚಿಕ್ಕ ಕವಾಟಕ್ಕೆ ಥರ್ಮೋಸ್ಟಾಟ್ ಎಂದು ಹೆಸರು. ಮುಪ್ಪಿನಲ್ಲಿ ಅದು ಮುಚ್ಚಿದಲ್ಲೇ ಸಿಕ್ಕಿಬಿದ್ದರೆ ಚನ್ನಮ್ಮ ವೃತ್ತದಲ್ಲಿ ನಡುವಿನಲ್ಲಿದ್ದ ಉಷ್ಣತೆಯ ಮುಳ್ಳು ಉಣಕಲ್ ಕೆರೆಯ ಹೊತ್ತಿಗೆ ಕೆಂಪು ಗೆರೆ ಮುಟ್ಟಿರುತ್ತದೆ. ಕಣ್ಣೆದುರು ಕೆರೆ ತುಂಬಿ ನಿಂತಿದ್ದರೂ, ಕುದಿಯುವ ರೇಡಿಯೇಟರಿನ ಮುಚ್ಚಳ ತೆಗೆದರೆ ಮುಖ ಸುಡುವುದರಿಂದ, ಮಾಲೀಕನು ಅರ್ಧ ತಾಸು ರಸ್ತೆಯಂಚಿನಲ್ಲಿ ನಿಲ್ಲಬೇಕಾಗುತ್ತದೆ. ಆ ಅರ್ಧ ತಾಸಿನಲ್ಲಿ 2018ರಿಂದ ತಮ್ಮದೇ ಪ್ರತ್ಯೇಕ ಪಥದಲ್ಲಿ ಓಡುತ್ತಿರುವ ತಂಪು ಚಿಗರಿ ಬಸ್ಸುಗಳು ಎಷ್ಟು ಹಾದುಹೋದವೆಂಬುದನ್ನು ಹಿಂದಿನ ಸೀಟಿನಲ್ಲಿರುವವರು ಲೆಕ್ಕವಿಟ್ಟು, ಮನೆಗೆ ಹೋದ ಮೇಲೆ ಹೇಳುತ್ತಾರೆ. ಇಂಥ ಕಾರುಗಳಲ್ಲಿ ನೀರಿನ ಬಾಟಲಿ ಸದಾ ಇರುತ್ತದೆ, ಆದರೆ ಅದನ್ನು ಮಕ್ಕಳು ಕುಡಿಯುವಂತಿಲ್ಲ. ಅದು ಗಾಡಿಯ ನೀರು.

ಥರ್ಮೋಸ್ಟಾಟ್ ಕೆಟ್ಟರೆ ಹೊಸದನ್ನು ಹಾಕುವ ಬದಲು ಕಿತ್ತೇ ಬಿಸಾಡುವ ಪದ್ಧತಿಯೊಂದಿದ್ದು, ಆಗ ಎಂಜಿನ್ ಕಾಯಬೇಕಾದಷ್ಟೂ ಕಾಯದೆ ಪೆಟ್ರೋಲನ್ನು ಹೆಚ್ಚು ಕುಡಿಯುತ್ತದೆ. ಕಾದದ್ದನ್ನು ಲೆಕ್ಕಿಸದೆ ನವಲೂರಿನ ಸೇತುವೆ ಏರಿಸಿ ಧಾರವಾಡ ಮುಟ್ಟಿಸಿಯೇ ತೀರುವ ಹಟಮಾರಿಗಳ ಗತಿ ಇನ್ನೂ ಘೋರವಾದದ್ದು. ಅಲ್ಯೂಮಿನಿಯಮ್ಮಿನ ಸಿಲಿಂಡರ್ ಹೆಡ್ಡು ಕಾವಿಗೆ ಸೊಟ್ಟಗಾಗಿ, ಅದರ ಕೆಳಗೆ ಹಾಸಿದ ತೆಳು ಹಾಳೆಯಾದ ಗ್ಯಾಸ್ಕೆಟ್ ಸುಟ್ಟು, ನೀರು ಆಯಿಲಿಗೆ ಸೇರುತ್ತದೆ. ಮರುದಿನ ಮಿಸ್ತ್ರಿಯು ಆಯಿಲ್ ಮುಚ್ಚಳವನ್ನು ತಿರುವಿ ತೆಗೆದು ಬೆಳಕಿಗೆ ಹಿಡಿದಾಗ, ಒಳಮೈಗೆ ಪೇಢೆಗೆಂದು ಕಾಯಿಸಿಟ್ಟ ಖೋವಾದಂಥ ತಿಳಿಗಂದು ಕೆನೆ ಮೆತ್ತಿಕೊಂಡಿರುವುದು ಕಾಣುತ್ತದೆ. ಆಗ ಅವನು ‘ಸಣ್ಣ ಕೆಲಸ’ ಎನ್ನುವುದಿಲ್ಲ. ತೋರುಬೆರಳಿಂದ ಅದನ್ನಿಷ್ಟು ಬಳಿದು, ಮಾಲೀಕನ ಮುಖಕ್ಕೆ ಹಿಡಿದು, ‘ನೋಡ್ರಿ’ ಎಂದಷ್ಟೇ ಹೇಳುತ್ತಾನೆ.

ಹವಾಮಾನವೂ ಈ ಸಂಚಿನಲ್ಲಿ ಪಾಲುದಾರನೇ. ಹುಬ್ಬಳ್ಳಿಯ ಧೂಳು ಏರ್ ಫಿಲ್ಟರನ್ನು ಕಟ್ಟಿಸಿದರೆ, ಧಾರವಾಡದ ಜಿಟಿಜಿಟಿ ಮಳೆಯು ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ತೇವ ಹಿಡಿಸಿ, ಮುಂಜಾನೆ ಗಾಡಿ ಏಳದಂತೆ ಮಾಡುತ್ತದೆ. ಅದೇ ಮಳೆಯ ನೀರು ಕಾಲಡಿಯ ಮ್ಯಾಟಿನ ಕೆಳಗೆ ಉಳಿದು ತಗಡನ್ನು ತಿನ್ನುತ್ತದೆ. ಒಂದು ದಿನ ಮ್ಯಾಟು ಸರಿಸಿದಾಗ ರಸ್ತೆಯ ಡಾಂಬರು ನೇರವಾಗಿ ಕಂಡರೆ ಆಶ್ಚರ್ಯಪಡಬೇಕಾಗಿಲ್ಲ. ಕ್ಲಚ್ ಪ್ಲೇಟು ಸವೆಯುವುದು, ಬ್ಯಾಟರಿ ಸಾಯುವುದು ಇತ್ಯಾದಿಗಳು ಜ್ವರ-ನೆಗಡಿಗಳಂತೆ ಬಂದು ಹೋಗುವಂಥವು. ಹೊಗೆಯ ಬಣ್ಣವನ್ನು ಮಾತ್ರ ಅರಿತಿರಬೇಕು: ನೀಲಿಯಾದರೆ ಆಯಿಲ್ ಉರಿಯುತ್ತಿದೆ, ಕಪ್ಪಾದರೆ ಪೆಟ್ರೋಲ್ ಅತಿಯಾಗಿದೆ, ಗಾಡಿ ಕಾದ ಮೇಲೂ ದಟ್ಟ ಬಿಳಿಯಾಗಿದ್ದರೆ ಮೇಲೆ ಹೇಳಿದ ಖೋವಾ ಸಿದ್ಧವಾಗುತ್ತಿದೆ.

ಕಬ್ಬಿಣದ ಖರ್ಚು ಮುಗಿದಲ್ಲಿ ಕಾಗದದ ಖರ್ಚು ಆರಂಭವಾಗುತ್ತದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುವುದರಿಂದ ಆ ಬಳಿಕ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 600 ರೂಪಾಯಿ ಇದ್ದ ಈ ಶುಲ್ಕವು 2022ರ ಏಪ್ರಿಲ್‌ನಿಂದ 5,000 ಆಯಿತು, 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000ಕ್ಕೆ ಏರಿತು. ಮನುಷ್ಯನಿಗೆ ವಯಸ್ಸಾದರೆ ಬಸ್ಸಿನಲ್ಲಿ ರಿಯಾಯಿತಿ ಕೊಡುವ ಸರಕಾರಗಳು ಕಾರಿನ ವಿಷಯದಲ್ಲಿ ತದ್ವಿರುದ್ಧ ನೀತಿಯನ್ನು ಅನುಸರಿಸುವುದು ಗಮನಾರ್ಹ. ಇನ್ನು ಹೆಸರು ವರ್ಗಾವಣೆಯ 29 ಮತ್ತು 30ನೆಯ ನಮೂನೆಗಳಿಗೆ ಸಹಿ ಹಾಕಿಸಿಕೊಂಡು ಆರ್‌ಟಿಒ ಕಚೇರಿಗೆ ಸಲ್ಲಿಸದೆ ಮನೆಯ ಕಪಾಟಿನಲ್ಲಿಟ್ಟವರ ಸಿಗ್ನಲ್ ದಂಡದ ನೋಟಿಸುಗಳು ಹಿಂದಿನ ಮಾಲೀಕನ ಮನೆಗೇ ಹೋಗುತ್ತಿರುತ್ತವೆ. ಕಾರು ಮಾರಿ ನಿಶ್ಚಿಂತನಾದೆನೆಂದುಕೊಂಡ ಆ ಪುಣ್ಯಾತ್ಮನಿಗೆ ಅದು ಎಲ್ಲೆಲ್ಲಿ ತಿರುಗಾಡುತ್ತಿದೆಯೆಂಬ ಕ್ಷೇಮಸಮಾಚಾರ ಫೋಟೋ ಸಮೇತ ತಲುಪುತ್ತದೆ.

ಇಷ್ಟಾದರೂ ಮಹಾನವಮಿಯ ಖಂಡೇ ಪೂಜಿಯ ದಿನ ಈ ಕಾರಿಗೆ ಸಲ್ಲುವ ಮರ್ಯಾದೆ ಹೊಸ ಕಾರಿಗಿಂತ ಒಂದು ತೂಕ ಹೆಚ್ಚೇ. ಮೈ ತೊಳೆದು, ವಿಭೂತಿ ಎಳೆದು, ಬಾನೆಟ್ಟಿಗೆ ಚೆಂಡು ಹೂವಿನ ಮಾಲೆ ಹಾಕಿ, ತೆಂಗಿನಕಾಯಿ ಒಡೆದು, ನಾಲ್ಕೂ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, ಮನೆಮಂದಿಯೆಲ್ಲ ಕೈಮುಗಿದು ನಿಂತಾಗ ಮಾಲೀಕನು ಚಾವಿ ತಿರುವುತ್ತಾನೆ. ‘ಟಕ್’ ಎಂಬ ಸದ್ದೊಂದು ಬರುತ್ತದೆ. ಇನ್ನೊಮ್ಮೆ ತಿರುವಿದರೆ ಅದೂ ಬರುವುದಿಲ್ಲ. ಮುಹೂರ್ತ ಮೀರಬಾರದೆಂದು ಅಳಿಯ, ಇಬ್ಬರು ಮೊಮ್ಮಕ್ಕಳು, ಎದುರುಮನೆಯ ಕಾಕಾ ಸೇರಿ ಹಿಂದಿನಿಂದ ನೂಕುತ್ತಾರೆ. ನಿಂಬೆಹಣ್ಣುಗಳು ಪಚಕ್ಕನೆ ಅಪ್ಪಚ್ಚಿಯಾಗುತ್ತವೆ.