ಪೂರಕ ಕೋಷ್ಟಕ ಎಸ್-3 ಅವರಿಗೊಂದು ಬಹಿರಂಗ ಪತ್ರ

ಮಹಾರಾಜರಾಜಶ್ರೀ ಪೂರಕ ಕೋಷ್ಟಕ ಎಸ್-3 ಅವರ ಸನ್ನಿಧಾನಕ್ಕೆ,

ತಾವು ಪ್ರಬಂಧದ ಕೊನೆಯ ಪುಟದಿಂದಾಚೆ ಇಪ್ಪತ್ತು ಸಾವಿರ ಸಾಲುಗಳ ತುಂಬು ಸಂಸಾರ ಹೂಡಿಕೊಂಡು, ಯಾರ ಕಣ್ಣಿಗೂ ಬೀಳದೆ ಸುಖವಾಗಿದ್ದೀರೆಂದು ತಿಳಿದು ಸಂತೋಷವಾಯಿತು. ಬಯೋಇನ್ಫರ್ಮ್ಯಾಟಿಕ್ಸ್‌ನಲ್ಲಿ ಪಿಎಚ್‌ಡಿ ಪಡೆದವರು ಕೃತಜ್ಞತೆಯ ಪುಟದಲ್ಲಿ ಗೈಡ್‌ಗೆ, ತಂದೆತಾಯಿಗೆ, ಹಾಸ್ಟೆಲ್ ಗೆಳೆಯರಿಗೆ ನಮಸ್ಕರಿಸುತ್ತಾರೆ. ತಮ್ಮನ್ನು ಮಾತ್ರ ಮರೆಯುತ್ತಾರೆ. ಆದರೆ ಈ ಶಾಸ್ತ್ರದಲ್ಲಿ ಪ್ರಯೋಗವೆಂದರೆ ತಾವೇ. ರೋಗಪೀಡಿತ ಕೋಶದಲ್ಲಿ ಯಾವ ಜೀನ್ ಎಷ್ಟು ಚುರುಕಾಗಿದೆ, ಯಾವುದು ಮಂಕಾಗಿದೆ ಎಂಬ ಉತ್ತರ ಇರುವುದು ತಮ್ಮೊಳಗೆ. ತಮಗಿಂತ ಮೊದಲು ಬರುವ ಇನ್ನೂರು ಪುಟಗಳ ಗದ್ಯವೆಲ್ಲ ತಮ್ಮ ಮೇಲೆ ಬರೆದ ಭಾಷ್ಯ. ವಿಶ್ವವಿದ್ಯಾಲಯಗಳು ಮಾತ್ರ ಭಾಷ್ಯವನ್ನು ಪರೀಕ್ಷಿಸಿ ಮೂಲವನ್ನು ಹಾಗೇ ತೇರ್ಗಡೆ ಮಾಡುತ್ತವೆ. ವಾಕ್ಯ ಕದ್ದದ್ದೋ ಸ್ವಂತದ್ದೋ ಎಂದು ಹಿಡಿಯಲು ಸಾಫ್ಟ್‌ವೇರ್ ಇದೆ. ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ ಎಂದು ಯುಜಿಸಿಯ 2018ರ ನಿಯಮ ಶೇಕಡಾವಾರು ಲೆಕ್ಕವನ್ನೂ ಕೊಟ್ಟಿದೆ. ಕೋಷ್ಟಕ ಸರಿಯೋ ತಪ್ಪೋ ಎಂಬುದಕ್ಕೆ ಅಂಥ ಲೆಕ್ಕವಿಲ್ಲ. ಕದಿಯದೆ ತಪ್ಪು ಮಾಡಿದರೆ ಅದು ಮೌಲಿಕ ಕೊಡುಗೆ.

ತಮ್ಮ ಚೆಲುವನ್ನು ಹತ್ತಿರದಿಂದ ನೋಡಿದವರಿಲ್ಲವೆಂದಲ್ಲ. ಕೋಶ ಎರಡಾಗಿ ಒಡೆಯುವಾಗ ನೆರವಾಗುವ ಸೆಪ್ಟಿನ್ ಪ್ರೋಟೀನುಗಳ ಜೀನ್‌ಗಳಿಗೆ ಮೊದಲು ಸೆಪ್ಟ್1, ಸೆಪ್ಟ್2 ಎಂಬ ಚುಟುಕು ಹೆಸರುಗಳಿದ್ದವು. ಎಕ್ಸೆಲ್‌ನಲ್ಲಿ ಸೆಪ್ಟ್2 ಎಂದು ಹಾಕಿದ್ದೇ ತಡ, ಅದು ಸೆಪ್ಟೆಂಬರ್ 2 ಎಂಬ ತಾರೀಖಾಗುತ್ತಿತ್ತು. ಮಾರ್ಚ್1 ಎಂಬ ಜೀನ್ ಮಾರ್ಚ್ ಒಂದಾಯಿತು. ಅದಕ್ಕೆ ಯಾವ ನೆಂಟಸ್ತಿಕೆಯೂ ಇಲ್ಲದ ಮಾರ್ಕ್1 ಎಂಬ ಇನ್ನೊಂದು ಜೀನ್ ಕೂಡ ಅದೇ ಮಾರ್ಚ್ ಒಂದಾಯಿತು. ಇನ್ನು ಮೇಲೆ ಆ ಚೌಕದೊಳಗೆ ಇರುವುದು ಇಬ್ಬರಲ್ಲಿ ಯಾರು ಎಂದು ಹೇಳಲು ಬರುವುದಿಲ್ಲ. 2004ರಲ್ಲೇ ಈ ಕಾಯಿಲೆಯನ್ನು ಗುರುತಿಸಿ ಬರೆದವರಿದ್ದರು. 2016ರಲ್ಲಿ ಆಸ್ಟ್ರೇಲಿಯದ ಮೂವರು 2005ರಿಂದ 2015ರ ನಡುವೆ ಬಂದ 3,597 ಲೇಖನಗಳ ಎಕ್ಸೆಲ್ ಜೀನ್ ಪಟ್ಟಿಗಳನ್ನು ತೆರೆದು ನೋಡಿದರು. ಐದರಲ್ಲೊಂದು ಲೇಖನದಲ್ಲಿ ಜೀನ್‌ಗಳು ತಾರೀಖುಗಳಾಗಿ ಕೂತಿದ್ದವು. ಎಲ್ಲರೂ ಎಚ್ಚೆತ್ತಿರಬೇಕು ಎಂದುಕೊಂಡು 2021ರಲ್ಲಿ ಇನ್ನೂ ದೊಡ್ಡ ರಾಶಿಯನ್ನು, 2014ರಿಂದ 2020ರವರೆಗಿನ 11,117 ಲೇಖನಗಳನ್ನು ತೆರೆದರೆ ಪ್ರಮಾಣ ಶೇ 30.9! ಎಚ್ಚರಿಕೆಯ ಲೇಖನವನ್ನು ಜನ ಓದಿದ್ದರು, ಉಲ್ಲೇಖಿಸಿಯೂ ಇದ್ದರು. ತಮ್ಮ ಬಾಗಿಲನ್ನು ಮಾತ್ರ ತಟ್ಟಿರಲಿಲ್ಲ.

ಕೊನೆಗೆ ವಿಜ್ಞಾನ ಲೋಕ ತನ್ನ ಘನತೆಗೆ ತಕ್ಕ ಪರಿಹಾರವನ್ನೇ ಕಂಡುಕೊಂಡಿತು. 2020ರಲ್ಲಿ ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿ ಜೀನ್‌ಗಳ ಹೆಸರನ್ನೇ ಬದಲಿಸಿತು: ಸೆಪ್ಟ್2 ಈಗ ಸೆಪ್ಟಿನ್2, ಮಾರ್ಚ್1 ಈಗ ಮಾರ್ಚ್‌ಎಫ್1. ಆಧಾರ್‌ನಲ್ಲಿ ಇನಿಷಿಯಲ್ ಹೊಂದಲಿಲ್ಲವೆಂದು ಮನುಷ್ಯನೇ ಅಫಿಡವಿಟ್ ಮಾಡಿಸಿ ಹೆಸರು ಬದಲಿಸಿಕೊಳ್ಳುವುದು ನಮಗೆ ಹೊಸದಲ್ಲ. ಕೋಟ್ಯಂತರ ವರ್ಷಗಳ ಜೀನ್ ಕೂಡ ಅದೇ ಸಾಲಿನಲ್ಲಿ ನಿಲ್ಲಬೇಕಾಯಿತು. 2023ರಲ್ಲಿ ಎಕ್ಸೆಲ್ ತಯಾರಕರೂ ಈ ತಾನಾಗಿಯೇ ಬದಲಿಸುವ ಚಟವನ್ನು ನಿಲ್ಲಿಸಲು ಒಂದು ಗುಂಡಿ ಕೊಟ್ಟರು. ಹಾಗಾದರೆ ಮುಗಿಯಿತಲ್ಲ, ಇನ್ನೇನು ತಕರಾರು ಎನ್ನುವವರಿಗೆ ಉತ್ತರ ಇಷ್ಟೇ: ಹಳೆಯ ಪಟ್ಟಿಗಳು ಹಳೆಯ ಹೆಸರಿನಲ್ಲೇ ಇವೆ, ಹೊಸ ಸಂಶೋಧಕರು ಅವುಗಳನ್ನೇ ಇಳಿಸಿಕೊಂಡು ತಮ್ಮದಕ್ಕೆ ಜೋಡಿಸುತ್ತಾರೆ. ಅದಕ್ಕಿಂತ ಮುಖ್ಯವಾಗಿ, ತಾರೀಖು ಬರಿಗಣ್ಣಿಗೆ ಕಾಣುವ ತಪ್ಪು. ಕಾಣುವುದನ್ನೇ ಹದಿನಾರು ವರ್ಷ ನೋಡದವರು ಕಾಣದ್ದನ್ನು ನೋಡಿಯಾರೆ?

ಇಪ್ಪತ್ತು ಸಾವಿರದಲ್ಲಿ ಹತ್ತಿಪ್ಪತ್ತು ಹೆಸರು ಕೆಟ್ಟರೆ ತೀರ್ಮಾನವೇನೂ ಬದಲಾಗದು ಎಂಬ ವಾದವೂ ಇದೆ, ಮತ್ತು ಬಹಳ ಸಲ ಅದು ನಿಜವೇ. ಆದರೆ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡವೊಂದು ಯಾವ ರೋಗಿಗೆ ಯಾವ ಕ್ಯಾನ್ಸರ್ ಔಷಧ ಹಿಡಿಸುತ್ತದೆಂದು ಜೀನ್‌ಗಳಿಂದಲೇ ಹೇಳಬಹುದೆಂದು 2006ರಲ್ಲಿ ಪ್ರಕಟಿಸಿದ್ದನ್ನು ನೆನೆಯಿರಿ. ಹ್ಯೂಸ್ಟನ್‌ನ ಕೀತ್ ಬ್ಯಾಗರ್ಲಿ ಮತ್ತು ಕೆವಿನ್ ಕೂಂಬ್ಸ್ ಎಂಬ ಸಂಖ್ಯಾಶಾಸ್ತ್ರಜ್ಞರು ತಮ್ಮಂಥ ಕೋಷ್ಟಕಗಳನ್ನು ಸಾಲು ಸಾಲಾಗಿ ತಾಳೆ ನೋಡಿದಾಗ ಜೀನ್ ಪಟ್ಟಿಗಳು ಒಂದು ಸಾಲಿನಷ್ಟು ಜರುಗಿದ್ದವು. ಕೆಲವೆಡೆ ಔಷಧಕ್ಕೆ ಬಗ್ಗುವ ಕೋಶ, ಬಗ್ಗದ ಕೋಶ ಎಂಬ ಹಣೆಪಟ್ಟಿಗಳು ಅದಲುಬದಲಾಗಿದ್ದವು. ಅಷ್ಟರಲ್ಲಿ ಆ ಪಟ್ಟಿಗಳನ್ನು ನಂಬಿ ರೋಗಿಗಳ ಮೇಲೆ ಪ್ರಯೋಗಗಳು ನಡೆದಿದ್ದವು. 2010ರಲ್ಲಿ ಅವು ನಿಂತವು, ಮರುವರ್ಷ ಲೇಖನ ವಾಪಸಾಯಿತು. ಅದು ಅಜಾಗರೂಕತೆಯಲ್ಲ, ವಂಚನೆ; ಅದಕ್ಕೂ ಇದಕ್ಕೂ ಹೋಲಿಕೆ ಸಲ್ಲದು ಎನ್ನಬಹುದು. ಅಂಕಿಅಂಶ ತಿರುಚಿದ್ದು ಹೌದೆಂದು 2015ರಲ್ಲಿ ಅಧಿಕೃತವಾಗಿಯೇ ತೀರ್ಮಾನವಾಯಿತು. ಆದರೆ ವಂಚನೆಗೂ ಅಜಾಗರೂಕತೆಗೂ ಅಡಗುತಾಣ ಒಂದೇ: ಯಾರೂ ತೆರೆಯದ ಕಡತ.

ಇನ್ನು, ನಮ್ಮ ವಿದ್ಯಾರ್ಥಿಗಳು ಜೀವವಿಜ್ಞಾನದಿಂದ ಬಂದವರು, ಅವರಿಂದ ಅಚ್ಚುಕಟ್ಟಾದ ಕೋಡ್ ಕೇಳುವುದು ಅನ್ಯಾಯ ಎಂಬ ಮರುಕದ ಮಾತು. ಪ್ರಯೋಗಾಲಯದಲ್ಲಿ ಪಿಪೆಟ್ ಹಿಡಿಯಲು ಬಾರದವರನ್ನು ನಾವು ಹೀಗೆ ಮನ್ನಿಸುವುದಿಲ್ಲ. 2019ರ ಒಂದು ಅಧ್ಯಯನದಲ್ಲಿ ಈ ಕ್ಷೇತ್ರದ 98 ಸಾಫ್ಟ್‌ವೇರ್‌ಗಳನ್ನು ಹಾಕಿ ನೋಡಿದಾಗ ಶೇ 28ರಷ್ಟು ಕಂಪ್ಯೂಟರಿಗೆ ಇಳಿಯಲೇ ಇಲ್ಲ. ಡಾಕ್ಟರೇಟ್ ಬಂದೊಡನೆ ಕೋಡ್ ಬರೆದವರು ಇನ್ನೊಂದು ದೇಶದಲ್ಲಿ ಪೋಸ್ಟ್‌ಡಾಕ್ ಆಗಿರುತ್ತಾರೆ, ಲ್ಯಾಬಿನ ಸರ್ವರ್‌ಗೆ ದಿಕ್ಕಿರುವುದಿಲ್ಲ. ದತ್ತಾಂಶ ಬೇಕಾದರೆ ಕೇಳಿ, ಕೊಡುತ್ತೇವೆ ಎಂಬ ಭರವಸೆಯಂತೂ ಅಚ್ಚಾಗಿಯೇ ಇರುತ್ತದೆ. ವೈದ್ಯಕೀಯ ಮತ್ತು ಜೀವವಿಜ್ಞಾನದ ಲೇಖನಗಳಲ್ಲಿ ಹಾಗೆ ಬರೆದುಕೊಂಡ 1,792 ತಂಡಗಳನ್ನು ನಿಜಕ್ಕೂ ಕೇಳಿ ನೋಡಿದ ಪುಣ್ಯಾತ್ಮರಿದ್ದಾರೆ; 2022ರಲ್ಲಿ ಅವರು ಪ್ರಕಟಿಸಿದಂತೆ ಶೇ 93 ಮಂದಿ ಉತ್ತರಿಸಲಿಲ್ಲ ಅಥವಾ ಒಲ್ಲೆ ಎಂದರು. ರೋಗಿಗಳ ಖಾಸಗಿತನ ಕಾಯಬೇಕಾದ ಕಡೆ ಕೊಡದಿರುವುದು ಸರಿ. ಆದರೆ ಅಂಥ ಕಡೆ ಕೊಡುತ್ತೇವೆ ಎಂದು ಬರೆಯುವ ಅಗತ್ಯವೇ ಇರಲಿಲ್ಲ. ನಮ್ಮಲ್ಲಿ ಪ್ರಬಂಧಗಳು ಶೋಧಗಂಗಾ ಎಂಬ ಆನ್‌ಲೈನ್ ಭಂಡಾರದಲ್ಲಿ ಪಿಡಿಎಫ್ ಆಗಿ ಮುಳುಗುತ್ತವೆ. ತಮ್ಮ ಚಿತ್ರಪಟವನ್ನು ಅಲ್ಲಿ ದರ್ಶನ ಮಾಡಬಹುದು, ಲೆಕ್ಕ ಮಾತ್ರ ಕೇಳುವಂತಿಲ್ಲ.

ಆದ್ದರಿಂದ ತಮ್ಮ ನೆಮ್ಮದಿಗೆ ಭಂಗ ತರುವ ಒಂದು ಅರಿಕೆ ಇದೆ. ವೈವಾಕ್ಕೆ ಮೊದಲು, ಅಭ್ಯರ್ಥಿಯದಲ್ಲದ ಒಂದು ಕಂಪ್ಯೂಟರಿನಲ್ಲಿ ಕಚ್ಚಾ ದತ್ತಾಂಶ ಮತ್ತು ಕೋಡ್ ಇಟ್ಟು ತಮ್ಮನ್ನು ಇನ್ನೊಮ್ಮೆ ಹುಟ್ಟಿಸಬೇಕು. ಹುಟ್ಟಿದವರು ತಾವೇ ಆಗಿದ್ದರೆ ಮಾತ್ರ ಉಪ್ಪಿಟ್ಟು, ಕಾಫಿ. ಪರೀಕ್ಷಕರಿಗೆ ಅಷ್ಟು ಪುರುಸೊತ್ತೆಲ್ಲಿ, ಅವರಿಗೆ ಕೊಡುವ ಸಂಭಾವನೆಯಾದರೂ ಎಷ್ಟು ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕಾಗಿ ಇದನ್ನು ಪರೀಕ್ಷಕರ ತಲೆಗೆ ಕಟ್ಟದೆ, ಹೋಲಿಕೆ ತಪಾಸಣೆ ಮಾಡುವ ಗ್ರಂಥಾಲಯದ ಪಕ್ಕದಲ್ಲೇ ಸಂಬಳ ಕೊಟ್ಟು ಒಬ್ಬರನ್ನು ಕೂರಿಸುವುದು ಲೇಸು. ಅದಕ್ಕೂ ಅನುದಾನವಿಲ್ಲವೆಂದಾದರೆ ಜೀನ್ ಹೆಸರುಗಳಿರುವ ತಮ್ಮ ಮೊದಲ ಕಾಲಮ್ಮನ್ನು ಪರೀಕ್ಷಕರು ಏರಿಕೆ ಕ್ರಮದಲ್ಲಿ ಒಮ್ಮೆ ಜೋಡಿಸಲಿ. ಎಕ್ಸೆಲ್‌ಗೆ ತಾರೀಖೆಂದರೆ ಒಳಗೊಳಗೆ ಅಂಕಿಯೇ. ಅಂಕಿಗಳನ್ನು ಅದು ಅಕ್ಷರಗಳಿಗಿಂತ ಮೊದಲು ಕೂರಿಸುತ್ತದೆ. ಕೆಟ್ಟ ಹೆಸರುಗಳಿದ್ದರೆ ತಾವಾಗಿಯೇ ತಲೆಯ ಮೇಲೆ ಬಂದು ನಿಲ್ಲುತ್ತವೆ, ಅರ್ಧ ನಿಮಿಷ ಸಾಕು.

ಇತಿ,
ತಮ್ಮ ಬಾಗಿಲು ತಟ್ಟುವ ಚಟದವನು