ಹಿಂದಿನ ಟೈರಿನ ಮುಂದಾಲೋಚನೆ

ಸ್ಪೋರ್ಟ್ಸ್ ಕಾರಿನ ಹಿಂದಿನ ಚಕ್ರಕ್ಕೆ ಅಗಲವಾದ, ಪಕ್ಕದ ಗೋಡೆ ಗಿಡ್ಡವಾಗಿರುವ ಟೈರ್ ಆರಿಸುವುದು ಹೇಗೆ? ತಜ್ಞರೊಬ್ಬರನ್ನು ಮಾತಾಡಿಸಿಕೊಂಡು ಬನ್ನಿ ಎಂದರು ಸಂಪಾದಕರು. ನನಗೆ ಸಿಕ್ಕ ತಜ್ಞರು ಭಾಲ್ಕಿ ತಾಲ್ಲೂಕಿನ ಹಲಬರ್ಗಾದಲ್ಲಿ ಒಂದು ಪಂಚರ್ ಅಂಗಡಿಯ ಮುಂದೆ ನಿಂತಿದ್ದರು. ಕೆಎ 39 ನಂಬರಿನ ಟ್ರ್ಯಾಕ್ಟರಿನ ಹಿಂದಿನ ಬಲಗಡೆಯ ಟೈರ್. ಅಳತೆ 13.6-28, ಎತ್ತರ ನನ್ನ ಎದೆಮಟ್ಟ. ಹಲ್ಲಿನ ಸಂದಿಯಲ್ಲೆಲ್ಲ ಒಣಗಿದ ಎರೆಮಣ್ಣು. ಅಂಗಡಿಯ ಹುಡುಗ ವಾಲ್ ಬಿಚ್ಚಿ, ಹೊಲದ ಕೆಲಸಕ್ಕೆಂದು ಒಳಗೆ ತುಂಬಿಸಿದ್ದ ನೀರನ್ನು ಇಳಿಸುತ್ತಿದ್ದ.

ನಮಸ್ಕಾರ. ಹೈ ಪರ್ಫಾರ್ಮೆನ್ಸ್ ಕಾರುಗಳ ಬಗ್ಗೆ ತಮಗೆ ಅನುಭವ ಇದೆಯೇ?

ನಮಸ್ಕಾರ್ರಿ ಸಾಹೇಬ್ರ. ಜರಾ ಆ ಕಡಿ ಸರೀರಿ, ಬೂಟಿನ ಮ್ಯಾಲ ನೀರ್ ಬೀಳ್ತದ. ಅನುಭವ ಅಂತೀರಿ? ನಮ್ದು ಮನೆತನಾನೇ ಅದ. ಲ್ಯಾಂಬೋರ್ಗಿನಿ ಅಂತ ಹೆಸರು ಕೇಳೀರೋ ಇಲ್ಲೋ? ಇಟಲಿದಾಗ ಫೆರುಚ್ಚೊ ಲ್ಯಾಂಬೋರ್ಗಿನಿ ಅನ್ನಾಂವ 1948ರಾಗ ಕಂಪನಿ ಚಾಲೂ ಮಾಡಿದ್ದು ಟ್ರ್ಯಾಕ್ಟರ್ ಮಾಡ್ಲಿಕ್ಕ. ಕಾರಿನ ಕಂಪನಿ ಬಂದಿದ್ದು 1963ರಾಗ. ಹದಿನೈದು ವರ್ಷ ನಮ್ಮ ಹೊಲದಾಗ ದುಡದ ಮ್ಯಾಲ ಅವ್ರಿಗಿ ಡಾಂಬರ್ ರಸ್ತಾ ಕಂಡದ. 1978ರಾಗ ಕೌಂಟಾಚ್ ಎಲ್‌ಪಿ 400 ಎಸ್ ಅಂತ ಒಂದು ತಗದ್ರು. ಅದರ ಹಿಂದಿನ ಟೈರ್ 345 ಮಿಲಿಮೀಟರ್ ಅಗಲ. ಈಗ ನನ್ನ 13.6 ಇಂಚಿಗಿ 25.4ರಿಂದ ಗುಣಿಸ್ರಿ.

(ಮೊಬೈಲಿನಲ್ಲಿ ಒತ್ತಿದೆ. 345.44 ಬಂತು.)

ಹಾಂ. ಅರ್ಧ ಮಿಲಿಮೀಟರ್ ನಾನೇ ಜಾಸ್ತಿ ಇದ್ದೀನಿ. ಬೀಗರ ಮುಂದ ಹೇಳ್ಕೊಳ್ಳಾಂಗಿಲ್ಲ, ಅಷ್ಟೇ.

ಆದರೆ ಆ ಕಾರುಗಳ ವಿಶೇಷವೇ ಬೇರೆ. ಮುಂದೆ ಸಣ್ಣ ಟೈರು, ಹಿಂದೆ ದೊಡ್ಡದು. ಸ್ಟ್ಯಾಗರ್ಡ್ ಜೋಡಣೆ ಎನ್ನುತ್ತಾರೆ.

ಏನ್ರಿ ಸಾಹೇಬ್ರ, ಟ್ರ್ಯಾಕ್ಟರ್ ಮುಂದ ನಿಂತು ಇದನ್ನ ನನಗ ಕಲಸ್ಲತ್ತೀರಿ? ನಮ್ಮ ಮುಂದಿನಾಂವ 6.00-16. ಬರೇ ಆರು ಇಂಚು. ನಾನು ಅವನ ಎರಡೂಕಾಲು ಪಟ್ಟು. ಕೌಂಟಾಚಿಗಿ ಮುಂದ 205, ಹಿಂದ 345, ಒಂದೂಮುಕ್ಕಾಲು ಪಟ್ಟೂ ಇಲ್ಲ. ಈಗಿನ ಪೋರ್ಷೆ 911 ಕರೇರಾ ನೋಡಿದ್ರ ಮುಂದ 235, ಹಿಂದ 295. ಇಷ್ಟಕ್ಕ ಅವ್ರು ಕೋಟಿ ಮ್ಯಾಲ ಕೋಟಿ ಕೊಡ್ತಾರ.

ಹಿಂದೆಯೇ ಯಾಕೆ ಅಗಲ ಬೇಕು?

ಇಂಜಿನ್ನಿನ ಜಗ್ಗಾಟ ಬರೋದು ಹಿಂದಿನ ಚಕ್ರಕ್ಕ. ಒಮ್ಮೆಲೇ ರೇಸ್ ಕೊಟ್ರ ಭಾರನೂ ಹಿಂದಕ್ಕೇ ಬರ್ತದ. ಆದ್ರ ಒಂದ್ ಮಾತು ಕೇಳ್ರಿ, ಜನ ಇಲ್ಲೇ ತಪ್ಪತಾರ. ಅಗಲ ಆದ್ರ ನೆಲಕ್ಕ ಹತ್ತೋ ಜಾಗ ಅಷ್ಟೇ ಪಟ್ಟು ಜಾಸ್ತಿ ಆಯ್ತದ ಅಂತ ತಿಳೀತಾರ. ಆ ಜಾಗ ನಿಂತಿದ್ದು ಹೆಚ್ಚಿನಂಶ ಭಾರ ಮತ್ತು ಹವಾದ ಮ್ಯಾಲ. ಒಂದು ಚಕ್ರದ ಮ್ಯಾಲ 450 ಕಿಲೋ ಭಾರ, ಒಳಗ 34 ಹವಾ ಅಂತ ಹಿಡೀರಿ. ನೆಲ ಹಿಡಿಯೋದು ಸುಮಾರು 190 ಚದರ ಸೆಂಟಿಮೀಟರ್. ನಿಮ್ಮ ಅಂಗೈಯಷ್ಟು. ಟೈರ್ ಅಗಲ ಮಾಡಿದ್ರ ಆ ಅಂಗೈ ಅಡ್ಡಕ್ಕ ಉದ್ದ ಆಯ್ತದ, ಹಿಂದ-ಮುಂದ ಗಿಡ್ಡ ಆಯ್ತದ. ತಿರುವಿನ್ಯಾಗ ಅದು ಛಲೋ ಹಿಡೀತದ, ಖರೇ. ಮತ್ತ ಗೋಡಿ ಗಿಡ್ಡ ಇದ್ರ ಒಲ್ಯಾಡಂಗಿಲ್ಲ, ಸ್ಟೇರಿಂಗ್ ಹೇಳಿದ್ದು ಲಗೂನೆ ಕೇಳ್ತದ. ಉಳಿದಿದ್ದೆಲ್ಲ ರಬ್ಬರ್ ಎಷ್ಟು ಮೆತ್ತಗ ಅದ ಅನ್ನೋದ್ರಾಗ ಅದ.

ನನಗ ಹೊಲದಾಗ ಹದಿನೈದರ ಆಸುಪಾಸು ಹವಾ ಸಾಕು. ಮ್ಯಾಲ ನೀರ್ ತುಂಬಸ್ತಾರ. ಯಾವ ಕಾರಿನ ಟೈರಿಗಿ ಹೊಟ್ಟಿತುಂಬ ನೀರ್ ಕುಡಿಸ್ತಾರ, ಹೇಳ್ರಿ?

ಹಾಗಾದರೆ ಗಿಡ್ಡ ಗೋಡೆಯ ಟೈರನ್ನು ಶಿಫಾರಸು ಮಾಡುತ್ತೀರಾ?

ಹೋದ ಎಳ್ಳಮಾಸಿ ಕತಿ ಹೇಳ್ತೀನಿ. ಅವತ್ತು ಬೀದರ್ ಜಿಲ್ಲಾದಾಗ ಊರಾಗ ಯಾರೂ ಇರಂಗಿಲ್ಲ, ಎಲ್ರೂ ಹೊಲದಾಗ. ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ. ನಮ್ಮ ಮಾಲಕರ ಅಣ್ಣನ ಮಗ ಹೈದರಾಬಾದಿನಿಂದ ಕಾರ್ ತಗೊಂಡು ಬಂದ. ಎರಡೇ ಸೀಟು. ಮೊದಲ ನಾಲ್ಕೂ ಕಡಿ 225/45 ಆರ್17 ಇದ್ದವು. ಹಿಂದಿನವು ಎರಡು ತಗಸಿ 255/35 ಆರ್18 ಹಾಕ್ಸಿದ್ದ.

ಪಾರಗ ಲೆಕ್ಕ ಬರ್ತದ, ಅದಕ್ಕ ನಾ ಬೈಯಂಗಿಲ್ಲ. 225ಕ್ಕ ನೂರಕ್ಕ 45 ಅಂದ್ರ ಗೋಡಿ 101 ಮಿಲಿಮೀಟರ್. 255ಕ್ಕ ನೂರಕ್ಕ 35 ಅಂದ್ರ 89. ಗೋಡಿ ಕಡಿಮಿ ಆಯ್ತು, ಡಿಸ್ಕ್ ಒಂದು ಇಂಚು ದೊಡ್ಡದಾಯ್ತು. ಒಟ್ಟು ಎತ್ತರ ಮೊದಲು 634, ಈಗ 636. ಬರಾಬ್ಬರಿ ಅದ. ಈ ಎತ್ತರ ತಪ್ಪಿದ್ರ ಮೀಟರ್ ಸುಳ್ಳು ಹೇಳ್ತದ, ಎಬಿಎಸ್ ಗೊಂದಲ ಮಾಡ್ಕೊಳ್ತದ, ನಾಲ್ಕೂ ಚಕ್ರಕ್ಕ ಜಗ್ಗಾಟ ಇರೋ ಗಾಡಿ ಆದ್ರ ಗೇರ್ ಡಬ್ಬಿನೇ ಹೋಯ್ತದ. ಡಿಸ್ಕಿನ ಅಗಲನೂ ನೋಡಿದ್ದ, 255ಕ್ಕ ಎಂಟೂವರಿಯಿಂದ ಹತ್ತು ಇಂಚು ಬೇಕು. ಟೈರ್ ಮಡ್‌ಗಾರ್ಡಿಗಿ ತಗಲ್ತದೇನು, ಭಾರದ ನಂಬರ್ ಮೊದಲಿನಕ್ಕಿಂತ ಕಡಿಮಿ ಅದ ಏನು, ಎಲ್ಲಾ ನೋಡಿದ್ದ.

ರಸ್ತಾ ಒಂದು ನೋಡಿರಲಿಲ್ಲ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪುಸ್ತಕದಾಗ ಉಬ್ಬು ಅಂದ್ರ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಅವನ ಗೋಡಿ 89 ಮಿಲಿಮೀಟರ್, ಪುಸ್ತಕದ ಉಬ್ಬೇ 100. ಮತ್ತ ನಮ್ಮ ಕಡಿ ಯಾವ ಉಬ್ಬು ಪುಸ್ತಕ ಓದೇದ? ಎಮ್ಮಿಗಿ ಗಾಡಿ ಹಾಯ್ದ ಮರುದಿನ ಬೆಳಗಾಗೂದ್ರಾಗ ರಾಡ್ಯಾಗ ಕಲ್ಲು ಹಾಕಿ ಎಬ್ಬಿಸ್ತಾರ. ಅವು ಹ್ಯಾಂಗೋ ದಾಟಿದ. ಹೊಲದ ದಾರ್ಯಾಗ ಒಂದು ಉದ್ದಾನ ತೆಗ್ಗು ಬಂತು ನೋಡ್ರಿ, ಟಣ್ ಅಂತು. ನಾ ಬದುವಿನ ಮ್ಯಾಲ ನಿಂತಿದ್ದೆ, ಕೇಳಿಸ್ತು. ಡಿಸ್ಕಿನ ಅಂಚು ಒಳಗ ಹೋಗಿ, ಗೋಡಿ ಮ್ಯಾಲ ಲಿಂಬಿಹಣ್ಣಿನಷ್ಟು ಗಂಟು ಎದ್ದಿತ್ತು. ಒಳಗಿನ ದಾರ ಹರದ್ರ ಹಂಗ ಗಂಟು ಬರ್ತದ, ಅದಕ್ಕ ಪಂಚರ್ ಹಚ್ಚಲಿಕ್ಕ ಬರಂಗಿಲ್ಲ. ಇದೇ ಅಂಗಡಿ ಹುಡುಗ ಹಾರಿ ತಗೊಂಡು ಓಡಿ ಬಂದ. ‘ಅಲಾಯ್ ಮುಟ್ಟಬ್ಯಾಡೋ’ ಅಂತ ಪಾರ ಚೀರಿದ್ದು ಮೂರು ಹೊಲ ಆಚಿ ಕೇಳಿಸ್ತು. ಭಜ್ಜಿ ಆರಿ ಹೋಯ್ತು.

ಸ್ಟೆಪ್ನಿ ಇರಲಿಲ್ಲವೇ?

ಇರಲಿಲ್ಲ. ಹಗುರ ಇರಲಿ ಅಂತ ಬಿಟ್ಟು ಬಂದಿದ್ದ. ಮುಂದಿಂದು ಹಿಂದ ಹಾಕ್ರಿ ಅಂದ್ರ ಅಳತಿ ಬ್ಯಾರೆ. ಹಿಂಗ ಜೋಡಿಸಿದ ಗಾಡಿಗಿ ಟೈರ್ ಹಿಂದಿಂದು ಮುಂದ ಅದಲಿಬದಲಿ ಮಾಡ್ಲಿಕ್ಕೂ ಬರಂಗಿಲ್ಲ. ಹಿಂದಿನವು ಲಗೂ ಸವೀತಾವ, ರೊಕ್ಕಾನೂ ಅವಕ್ಕೇ ಜಾಸ್ತಿ. ಕಡೀಕ ಆ ಟೈರ್ ಬೀದರಿಗಿ ಹೋಯ್ತು, ನನ್ನ ಹಿಂದ, ಟ್ರಾಲಿದಾಗ, ಕಡಲಿ ಚೀಲದ ಮ್ಯಾಲ ಕುಂತು.

ಅದರ ಮೇಲೆ ‘ವೈ’ ಎಂದು ಬರೆದಿರುತ್ತದೆ. 300 ಕಿಲೋಮೀಟರ್ ವೇಗ ತಾಳುತ್ತದಂತೆ.

ಅಷ್ಟು ಓಡ್ಲಿಕ್ಕ ಇಲ್ಲಿ ಹತ್ತರ ಒಂದೇ ಜಾಗ ಅದ, ಬೀದರಿನ ವಾಯುಪಡೆ ರನ್‌ವೇ. ಅಲ್ಲಿ ಸೂರ್ಯಕಿರಣದವ್ರು ವಿಮಾನ ಹಾರಿಸ್ತಾರ. ಪಾರಗ ಒಳಗ ಬಿಡಂಗಿಲ್ಲ. ಹೊರಗ ರಸ್ತಾದ ಮ್ಯಾಲ ಕಬ್ಬಿನ ಟ್ರಾಲಿ ಹಿಂದ ಇಪ್ಪತ್ತರ ಸ್ಪೀಡಿನ್ಯಾಗ ಬರಬೇಕು. ಟ್ರಾಲಿ ನಮ್ದೇ ಇರ್ತದ.

ಮಳೆಗಾಲದಲ್ಲಿ?

ಅಗಲ ಇದ್ದಷ್ಟು ನೀರಿನ ಮ್ಯಾಲ ತೇಲೋದು ಲಗೂ. ನೀರ್ ಬದಿಗಿ ಸರೀಲಿಕ್ಕ ದೂರ ಆಯ್ತದಲ್ಲ. ಹಲ್ಲು ಸವದಿದ್ರಂತೂ ಕೇಳೋದೇ ಬ್ಯಾಡ. ಅಗಲ ಅಗಲ ಅಂತ ಕುಣಿಯೋರು ಫಾರ್ಮುಲಾ ಒನ್ ನೋಡ್ರಿ. 2017ರಾಗ ಹಿಂದಿನ ಟೈರ್ 405 ಮಿಲಿಮೀಟರ್ ಮಾಡಿದ್ರು. 2022ರಾಗ ಡಿಸ್ಕ್ 13 ಇಂಚಿನಿಂದ 18ಕ್ಕ ಏರಿಸಿ ಗೋಡಿ ಗಿಡ್ಡ ಮಾಡಿದ್ರು. 2026ಕ್ಕ ಹಿಂದಿಂದು 30 ಮಿಲಿಮೀಟರ್ ಕಡಿಮಿ ಮಾಡ್ಯಾರ. ಅವ್ರು ಇಳಿಸ್ಲತ್ತಾರ, ನಮ್ಮ ಪಾರ ಏರಿಸ್ಲತ್ತಾನ.

ಕಾನೂನು?

ಮೋಟಾರು ವಾಹನ ಕಾಯ್ದಿ 52ನೇ ಕಲಮು. ಕಂಪನಿ ಕೊಟ್ಟ ಮೂಲ ರೂಪ ಮನಸಿಗಿ ಬಂದಂಗ ಬದಲಸಬಾರದು. ಕಂಪನಿಯವ್ರು ಅದೇ ಗಾಡಿಗಿ ಒಪ್ಪಿದ ಅಳತಿ ಯಾವ್ದದ, ಪುಸ್ತಕದಾಗ ನೋಡಿ ಅದ್ರಾಗ ಆರಿಸ್ರಿ. ಇಷ್ಟೇ ಹೇಳ್ತೀನಿ, ನನಗ ಕೋರ್ಟ್ ಬ್ಯಾಡ.

ಹಿಂದೆ ಮಾತ್ರ ಅಗಲ ಮಾಡಿದರೆ ಕಾರಿನ ನಡತೆ ಬದಲಾಗುತ್ತದೆಯೇ?

ಆಯ್ತದ. ಹಿಂದ ಬಿಗಿ, ಮುಂದ ಸಡ್ಲ. ನೀವು ತಿರುವಿದ್ರೂ ಮೂತಿ ಸೀದಾ ಹೊಂಟಿರ್ತದ. ನಮಗ ಇದು ಹೊಸಾದಲ್ಲ. ರಾಡ್ಯಾಗ ಮುಂದಿನಾಂವ ಬರೇ ಜಾರ್ತಾನ. ಅದಕ್ಕೇ ನಮಗ ಎಡಕ್ಕೊಂದು ಬಲಕ್ಕೊಂದು ಬ್ರೇಕ್ ಪೆಡಲ್ ಕೊಟ್ಟಾರ. ಬಲಕ್ಕ ತಿರುಗಬೇಕಾದ್ರ ಬಲದ ಬ್ರೇಕ್ ಒತ್ತತಾರ, ನಾ ನಿಂತ್ಕೋತೀನಿ, ಗಾಡಿ ನನ್ನ ಸುತ್ತ ತಿರುಗ್ತದ. ಖರೇ ಹೇಳಬೇಕಂದ್ರ ಇಡೀ ಟ್ರ್ಯಾಕ್ಟರ್ ತಿರುಗೋದು ನನ್ನ ಸುತ್ತನೇ. ಕಾರಿನ್ಯಾಗ ಆ ಎರಡು ಪೆಡಲ್ ಇರಂಗಿಲ್ಲ. ಅದಕ್ಕ ಹಿಂದ ಏರಿಸೋರು ಮುಂದೂ ಜರಾ ನೋಡಬೇಕು.

(ಇಷ್ಟು ಹೊತ್ತು ಸುಮ್ಮನಿದ್ದ ಮುಂದಿನ ಟೈರನ್ನೂ ಒಂದು ಮಾತು ಕೇಳುವುದು ಪತ್ರಿಕಾಧರ್ಮವೆನಿಸಿತು.)

ತಾವು ಏನಾದರೂ ಹೇಳುವುದಿದೆಯೇ?

ಮುಂದಿನ ಟೈರ್: ನಾ ಆರು ಇಂಚಿನಾಂವ, ಏನ್ ಹೇಳ್ಲಿ ಸಾಹೇಬ್ರ. ಅಂವ ಹೇಳಿದ ಲೆಕ್ಕ ಎಲ್ಲಾ ಬರಾಬ್ಬರಿ ಅದ. ಒಂದೇ ಕೇಳೋದು. ಹೊಲದ ದಾರ್ಯಾಗ ಆ ಉದ್ದಾನ ತೆಗ್ಗು ಇತ್ತಂದ್ನಲ್ಲ, ಅದು ಯಾರು ಮಾಡಿದ್ದು ಅಂತ ಕೇಳೀರೇನು? ಹಸಿ ಎರಿ ಮಣ್ಣಾಗ, ಹೊಟ್ಟ್ಯಾಗ ನೂರು ಲೀಟರ್ ಮ್ಯಾಲ ನೀರ್ ಇಟ್ಕೊಂಡು, ಅಲ್ಲೇ ಎಂಟು ಸರ್ತಿ ಹೋಗಿ ಬಂದಾಂವ ಯಾರು?

ಹೌದೇ? (ಹಿಂದಿನ ಟೈರಿಗೆ) ಇದಕ್ಕೆ ತಮ್ಮ ಪ್ರತಿಕ್ರಿಯೆ?

ಏ ಹುಡುಗಾ, ಎಷ್ಟ್ ನೀರ್ ಇಳಸ್ತಿ ಇನ್ನ? ವಾಲ್ ಹಾಕು. ಕಬ್ಬಿನ ಟ್ರಾಲಿ ಹುಣಜಿ ಕಾರ್ಖಾನಿಗಿ ಹೋಗೋ ಟೈಮಾಯ್ತು. ಸಾಹೇಬ್ರ, ಫೋಟೋ ತಗಿಯೋದಿದ್ರ ಈ ಬದಿಯಿಂದ ತಗೀರಿ, ಅಗಲ ಕಾಣಸ್ತದ.