ಮಂಚದಡಿಯ ಪ್ರಕಾಶನ

ಮುಂಬಯಿಯಲ್ಲಿ ಕನ್ನಡ ಪ್ರಕಾಶನ ತೆರೆಯಲು ಮೊದಲು ಬೇಕಾದದ್ದು ಹಸ್ತಪ್ರತಿಯಲ್ಲ, ಎತ್ತರದ ಕಾಲಿನ ಮಂಚ. ಅಚ್ಚಾದ ಐನೂರು ಪ್ರತಿ ಡೊಂಬಿವಿಲಿಯ ಪುಟ್ಟ ಫ್ಲ್ಯಾಟಿಗೆ ಬಂದಿಳಿದ ದಿನವೇ ಅಕ್ಕಿ ಡಬ್ಬಿ ಬಾಲ್ಕನಿಗೆ ವರ್ಗವಾಗುತ್ತದೆ. ಸರ್ಕಾರದ ಕಾಟ ಕಡಿಮೆಯೇ ಅನ್ನಿ: ಐಎಸ್‌ಬಿಎನ್ ಪುಕ್ಕಟೆ, ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಸರ್ಕಾರ ಬಿಟ್ಟದ್ದನ್ನು ನೆಂಟರಿಷ್ಟರು ವಸೂಲು ಮಾಡುತ್ತಾರೆ.

ಬಿಡುಗಡೆಗೆ ಜಾಗದ ಬರವಿಲ್ಲ. ಮಾಟುಂಗದಲ್ಲಿ 1926ರ ಮೈಸೂರು ಅಸೋಸಿಯೇಷನ್, ಮಾಹಿಮಿನಲ್ಲಿ ಕರ್ನಾಟಕ ಸಂಘ. ಭಾಷಣ, ಶಾಲು, ಹಾರ, ಉಪ್ಪಿಟ್ಟು ಮುಗಿಯುವಾಗ ಎಲ್ಲರಿಗೂ ಲೋಕಲ್ ಹಿಡಿಯುವ ಅವಸರ; ಮಾರಾಟದ ಮೇಜಿನತ್ತ ಒಬ್ಬರೂ ಸುಳಿಯುವುದಿಲ್ಲ. "ಎಂತ ಮಾರಾಯ್ರೆ, ನನಗೊಂದು ಗೌರವ ಪ್ರತಿ ಇಲ್ವಾ?" ಎನ್ನುವವರಿಗೆ ಮಾತ್ರ ಯಾವ ಅವಸರವೂ ಇಲ್ಲ.

ಕಾದಂಬರಿಕಾರ ಚಿತ್ತಾಲರು ಇಲ್ಲೇ ಕೂತು ಈ ನಗರವನ್ನೇ 'ಶಿಕಾರಿ'ಯಾಗಿ ಬರೆದರು. 1979ರಲ್ಲಿ ಪ್ರಕಟಿಸಿದ್ದು ಧಾರವಾಡದ ಮನೋಹರ ಗ್ರಂಥಮಾಲೆ. ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಆ ಮಾಲೆ ಚಂದಾದಾರರನ್ನು ನೆಚ್ಚಿ ನಡೆದದ್ದು. ಬಲು ಜಾಣ ಲೆಕ್ಕ. ಅದನ್ನೇ ಇಲ್ಲಿ ಹೇಳಿ ನೋಡಿ, "ಚಿಟ್ ಫಂಡಾ?" ಎಂದು ಕೇಳುತ್ತಾರೆ.

ಇನ್ನು ಹಿಂದಿನ ಕಾಲದ ಕಾದಂಬರಿಕಾರ ಗಳಗನಾಥರು ಪುಸ್ತಕ ಹೊತ್ತು ಊರೂರು ತಿರುಗಿ ಮಾರಿದರಂತೆ. ದೊಡ್ಡವರು, ಕೈಮುಗಿಯೋಣ. ಆದರೆ ಬೆಳಗಿನ ಒಂಬತ್ತಕ್ಕೆ ದಾದರ್ ಸ್ಟೇಷನ್ನಿನ ಸೇತುವೆಯನ್ನು ಪುಸ್ತಕದ ಗಂಟಿನೊಂದಿಗೆ ಹತ್ತಿ ನೋಡಿ: ಗಂಟು ಮಧ್ಯ ರೈಲ್ವೆಗೆ, ಪ್ರಕಾಶಕ ಪಶ್ಚಿಮ ರೈಲ್ವೆಗೆ.